ಮೆಲ್ಲಣ್ಣ ಆನ್‌ಲೈನಿಗೆ ಬಂದದ್ದು

ಮೆಲ್ಲಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತು ಅಕ್ಕನ ಸಿಟ್ಟಿನಲ್ಲಿ ಮಾತ್ರ ಬಳಕೆಯಲ್ಲಿತ್ತು. ಉಳಿದ ಲೋಕಕ್ಕೆಲ್ಲ ಅವನು ಮೆಲ್ಲಣ್ಣ. ಮೆಲ್ಲಗೆ ನಡೆಯುತ್ತಿದ್ದ, ಮೆಲ್ಲಗೆ ಉಣ್ಣುತ್ತಿದ್ದ, ಮೆಲ್ಲಗೆ ಮಾತಾಡುತ್ತಿದ್ದ. ಅವನು ಬೆಂಕಿ ಬಿತ್ತೆಂದು ಕೂಗಿದರೂ ಕೇಳಿದವರು ಚಹಾ ಮುಗಿಸಿಯೇ ಏಳುತ್ತಾರೆ ಎಂದು ಹೆಂಡತಿ ಹೇಳುತ್ತಿದ್ದಳು.

ಆ ಮೆಲ್ಲನೆಯ ದನಿಯೇ ಅವನಿಗೆ ಇಷ್ಟು ವರ್ಷ ಅನ್ನ ಹಾಕಿತ್ತು. ಸೀಲಿಂಗ್ ಫ್ಯಾನ್ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ ಫೋನ್ ಎತ್ತುವುದು ಅವನ ಕೆಲಸವಾಗಿತ್ತು. ಜನ ಕೆಂಡ ಕಾರುತ್ತಾ ಫೋನ್ ಮಾಡುತ್ತಿದ್ದರು. ಇವನು ಹೂಂ, ಹೂಂ ಎನ್ನುತ್ತಾ ಕೇಳಿಸಿಕೊಳ್ಳುತ್ತಿದ್ದ. ಕೊಂಚ ಹೊತ್ತಿಗೆ ಅವರಿಗೇ ತಮ್ಮ ಸಿಟ್ಟನ್ನು ಎಲ್ಲಿಟ್ಟೆವೆಂದು ಮರೆತುಹೋಗಿ, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದು ಇವನನ್ನೇ ವಿಚಾರಿಸಿ ಫೋನ್ ಇಡುತ್ತಿದ್ದರು. ಹೀಗಿರುವಾಗ ಕಂಪನಿಯವರು ಆ ಕುರ್ಚಿಯಲ್ಲಿ ಒಂದು ಯಂತ್ರವನ್ನು ಕೂರಿಸಿದರು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಯಂತ್ರ. ಮೆಲ್ಲಣ್ಣನಿಗೆ ಒಂದು ಟೇಬಲ್ ಫ್ಯಾನ್ ಉಡುಗೊರೆ ಕೊಟ್ಟು ಮನೆಗೆ ಕಳಿಸಿದರು.

ಮನೆಯಲ್ಲಿ ಹೆಂಡತಿ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದು ಕೊಡುತ್ತಿದ್ದಳು. ಒಳಕೋಣೆಯಲ್ಲಿ ಅವಳ ಹೊಲಿಗೆಯಂತ್ರ ದಿನವಿಡೀ ಓಡುತ್ತಿತ್ತು. ಉದ್ದನೆಯ ಬಟ್ಟೆಯ ಇನ್ನೊಂದು ತುದಿ ಹಿಡಿದು ನಿಲ್ಲುವ ಕೆಲಸ ಮೆಲ್ಲಣ್ಣನ ಪಾಲಿಗೆ ಬಂತು. ತುದಿ ಹಿಡಿದವನು ಕಿಟಕಿಯಾಚೆ ನೋಡುತ್ತಾ ಎಲ್ಲೋ ಹೋಗಿಬಿಡುತ್ತಿದ್ದ. ಬಟ್ಟೆ ಕೈಯಿಂದ ಜಾರಿ ನೆಲಕ್ಕಿಳಿಯುತ್ತಿತ್ತು.

"ರೀ, ಎಲ್ಲಿದ್ದೀರಿ?"

"ಇಲ್ಲೇ."

"ಇಲ್ಲಿರೋದು ನಿಮ್ಮ ಚಪ್ಪಲಿ ಮಾತ್ರ."

ಅವಳಿಗೇನೂ ಅವನ ಮೇಲೆ ಸಿಟ್ಟಿರಲಿಲ್ಲ. ಆದರೆ ಒಬ್ಬಳೇ ತುಳಿದು ಸಂಸಾರ ಓಡಿಸಿದರೆ ಮಂಡಿ ನೋಯುತ್ತದೆ. ಸಂಜೆ ಯಂತ್ರ ಮುಚ್ಚಿದ ಮೇಲೆ ಅವಳು ಯಾರಿಗೂ ಕಾಣದ ಹಾಗೆ ಮಂಡಿ ನೀವಿಕೊಳ್ಳುವುದನ್ನು ಮೆಲ್ಲಣ್ಣ ನೋಡಿದ್ದ. ನೋಡಿದ ಮೇಲೆ ಅವನಿಗೆ ಊಟ ಮೊದಲಿಗಿಂತಲೂ ಮೆಲ್ಲಗೆ ಇಳಿಯತೊಡಗಿತು. ಮನೆಯಲ್ಲೇ ಕೂತು ಮಾಡುವ ಕೆಲಸಗಳು ಈಗ ಬೇಕಾದಷ್ಟಿವೆಯಂತೆ ಎಂದು ಕೇಳಿ, ಕಂಡ ಕಂಡ ಕಂಪನಿಗಳಿಗೆಲ್ಲ ಅರ್ಜಿ ಹಾಕಿದ. ಒಬ್ಬರೂ ತುಟಿ ಬಿಚ್ಚಲಿಲ್ಲ.

ಕಾರಣ ಕಂಡುಹಿಡಿದವನು ಭಾವಮೈದ. ಅವನು ಕಾರು ಕಲಿಸುವ ಶಾಲೆ ನಡೆಸುತ್ತಿದ್ದ. ಲೋಕದ ಯಾವ ವಿಷಯವನ್ನಾದರೂ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯೂ ಒಂದು ಬ್ರೇಕು ಇಟ್ಟುಕೊಂಡು ನೋಡುವುದು ಅವನ ಸ್ವಭಾವ. ಒಂದು ಭಾನುವಾರ ಬಂದು ಮೆಲ್ಲಣ್ಣನ ನಿಜವಾದ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಿದ. ನೋಡಿದವನ ಮುಖ ಬಾಡಿತು.

"ಭಾವ, ನೀವು ಇಲ್ಲ."

"ಎಲ್ಲಿ ಇಲ್ಲ?"

"ಆನ್‌ಲೈನ್‌ನಲ್ಲಿ. ನಿಮ್ಮ ಹೆಸರು ಹಾಕಿದರೆ ಇನ್ಯಾರೋ ಬರ್ತಾನೆ. ನೀರಿನ ಪಂಪು ಕದ್ದು ಸಿಕ್ಕಿಬಿದ್ದವನು."

ಮೆಲ್ಲಣ್ಣ ಕನ್ನಡಕ ಹಾಕಿಕೊಂಡು ಆ ಕಳ್ಳನ ಭಾವಚಿತ್ರವನ್ನು ಬಹಳ ಹೊತ್ತು ನೋಡಿದ. "ಪಾಪ, ಸಣ್ಣ ವಯಸ್ಸು," ಎಂದ.

"ಪಾಪ ಅವನಲ್ಲ, ನೀವು. ಕಂಪನಿಯವರು ನಿಮ್ಮನ್ನು ಹುಡುಕಿದಾಗ ಪಂಪು ಸಿಗ್ತಾ ಇದೆ. ಇನ್ನು ಕೆಲಸ ಎಲ್ಲಿಂದ ಬರುತ್ತೆ? ಮೊದಲು ನೀವು ಆನ್‌ಲೈನ್‌ನಲ್ಲಿ ಕಾಣಿಸಿಕೊಳ್ಳಬೇಕು. ದಿನಾ ಏನಾದರೂ ಬರೀಬೇಕು. ಅದರಲ್ಲಿ ನಾಯಕತ್ವ ಎದ್ದು ಕಾಣಬೇಕು."

ಹೀಗೆ ಮೆಲ್ಲಣ್ಣನ ಅವತಾರಕ್ಕೆ ಸಿದ್ಧತೆ ಶುರುವಾಯಿತು. ಭಾವಚಿತ್ರಕ್ಕೆ ಕೋಟು ಬೇಕೆಂದಾಗ ಮೇಲಿನ ಮಹಡಿಯ ನಿವೃತ್ತ ಸ್ಟೇಷನ್ ಮಾಸ್ಟರು ತಮ್ಮ ಹಿತ್ತಾಳೆ ಗುಂಡಿಯ ಕರಿ ಕೋಟು ಕೊಟ್ಟರು. ರೈಲುಗಳು ಕೈಬಿಟ್ಟ ಮೇಲೆ ಅವರಿಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಹಾಗಾಗಿ ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಅವರು ಹಾಜರು. ಕೋಟು ತೊಟ್ಟ ಮೆಲ್ಲಣ್ಣನನ್ನು ನೋಡಿ, "ಈಗ ನೀವು ಯಾವ ಗಾಡಿಯನ್ನಾದರೂ ನಿಲ್ಲಿಸಬಹುದು," ಎಂದು ಅಭಯ ಕೊಟ್ಟರು.

ಬರೆಯುವುದು ಮಾತ್ರ ಕಷ್ಟವಾಯಿತು. ಮೆಲ್ಲಣ್ಣ ಮೊದಲ ದಿನ ಇಡೀ ಬೆಳಗು ಯೋಚಿಸಿ ಬರೆದದ್ದು ಇಷ್ಟು: 'ಇವತ್ತು ಕಿಟಕಿಗೆ ಒಂದು ಪಾರಿವಾಳ ಬಂತು. ಬಹಳ ಹೊತ್ತು ಇತ್ತು. ಏನೂ ಹೇಳಲಿಲ್ಲ.'

ಭಾವಮೈದ ಓದಿ ತಲೆ ಹಿಡಿದುಕೊಂಡ. "ಇದರಲ್ಲಿ ನಾಯಕತ್ವ ಎಲ್ಲಿದೆ ಭಾವ?"

"ಪಾರಿವಾಳದ್ದಾ?"

ಆ ಬರಹವನ್ನು ಮೆಚ್ಚಿದವರು ಇಡೀ ಭೂಮಂಡಲದಲ್ಲಿ ಒಬ್ಬರೇ. ಅದು ಹೆಂಡತಿ. ಅವಳೂ ದಾರ ಕತ್ತರಿಸುವಾಗ ಕೈತಪ್ಪಿ ಒತ್ತಿದ್ದಳು.

ಕೊನೆಗೆ ಭಾವಮೈದ ಒಂದು ತೀರ್ಮಾನಕ್ಕೆ ಬಂದ. ಬರವಣಿಗೆ ಇವರ ಕೈಲಾಗದು. ಬಾಯಲ್ಲಿ ಹೇಳಲಿ. ಎರಡು ಮಾತಿನಲ್ಲಿ ತನ್ನ ಪರಿಚಯ ಹೇಳಿಕೊಂಡ ವಿಡಿಯೋ ಒಂದಿದ್ದರೆ ಕಂಪನಿಯವರು ನೋಡುತ್ತಾರೆ. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಸಿದ. 'ನಾನು ಸವಾಲುಗಳನ್ನು ಪ್ರೀತಿಸುತ್ತೇನೆ' ಎಂದು ಅದು ಶುರುವಾಗುತ್ತಿತ್ತು. ಫೋನನ್ನು ಪರದೆ ಬಟ್ಟೆಯ ಉರುಳೆಗೆ ಒರಗಿಸಿಟ್ಟು, ಕೆಂಪು ಗುಂಡಿ ತೋರಿಸಿ, ಮಧ್ಯಾಹ್ನದ ಪಾಠಕ್ಕೆ ಹೊತ್ತಾಯಿತೆಂದು ಹೊರಟುಹೋದ. ಅಲ್ಲಿ ಎರಡು ಕೆಂಪು ಗುಂಡಿಗಳಿದ್ದವು ಎಂಬುದನ್ನು ಮಾತ್ರ ಅವನು ಹೇಳಲಿಲ್ಲ.

ಮೆಲ್ಲಣ್ಣ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಕೋಟು ತೊಟ್ಟು ಕುರ್ಚಿಯಲ್ಲಿ ಕೂತ. ಊಟವಾಗಿತ್ತು. ಕಿಟಕಿಗೆ ಒಣಹಾಕಿದ್ದ ನೀಲಿ ಪರದೆಯ ಮೂಲಕ ಬಿಸಿಲು ಬಂದು, ಕೋಣೆಯೆಲ್ಲ ಕೊಳದ ತಳದ ಹಾಗೆ ಕಾಣುತ್ತಿತ್ತು. ಪಕ್ಕದ ಕೋಣೆಯಲ್ಲಿ ಹೊಲಿಗೆಯಂತ್ರ ಗುಂಯ್ ಎನ್ನುತ್ತಿತ್ತು. ಅವನು ಕೆಂಪು ಗುಂಡಿಗಳಲ್ಲಿ ಹೆಚ್ಚು ಚೆನ್ನಾಗಿ ಕಂಡದ್ದನ್ನು ಒತ್ತಿದ. ಅಲ್ಲಿಗೆ, ಅವನ ಮಾತು ಫೋನಿನಲ್ಲಿ ಉಳಿಯುವ ಬದಲು, ಆಡಿದ ಕ್ಷಣವೇ ಜಗತ್ತಿಗೆ ಹೊರಟಿತು.

"ನಮಸ್ಕಾರ," ಎಂದ. ಸವಾಲುಗಳು ಪೂರ್ತಿ ಮರೆತುಹೋದವು. ಗೊತ್ತಿದ್ದದ್ದನ್ನೇ ಹೇಳಿದ. "ನಾನು ಫ್ಯಾನುಗಳ ದೂರು ಕೇಳ್ತಿದ್ದೆ. ಫ್ಯಾನು ಸುಮ್ಮಸುಮ್ಮನೆ ಸದ್ದು ಮಾಡೋದಿಲ್ಲ. ಕೆಲವು ಕಟಕಟ ಅಂತವೆ. ಅದಕ್ಕೆ ಸ್ಕ್ರೂ ಬಿಗಿ ಮಾಡಿದರೆ ಸಾಕು. ಕೆಲವು ಕುಂಯ್ ಅಂತವೆ. ಅದಕ್ಕೆ ಎಣ್ಣೆ. ಇನ್ನು ಕೆಲವು ಸದ್ದು ಇವೆ... ಅವು ಫ್ಯಾನಿಂದಲ್ಲ. ಮನೆಯಲ್ಲಿ ಮಾತಾಡೋಕೆ ಬೇರೆ ಯಾರೂ ಇಲ್ಲದವರಿಗೆ ಮಾತ್ರ ಕೇಳಿಸೋವು. ಅಲ್ಲಿಗೆ ರಿಪೇರಿಯವನನ್ನು ಕಳಿಸಿ ಪ್ರಯೋಜನ ಇಲ್ಲ. ಸ್ವಲ್ಪ ಹೊತ್ತು... ಕೇಳಿಸ್ಕೋಬೇಕು... ಅಷ್ಟೇ..."

ಕೊನೆಯ ಮಾತು ಮುಗಿಯಿತೋ ಇಲ್ಲವೋ, ರೆಪ್ಪೆಗಳು ಮುಚ್ಚಿದವು. ಗಲ್ಲ ಹಿತ್ತಾಳೆ ಗುಂಡಿಗೆ ತಾಗಿತು. ಕನಸಿನಲ್ಲಿ ಅವನ ಹಳೆಯ ಮೇಜು ಕುರ್ಚಿ ಒಂದು ಹೊಳೆಯ ಮೇಲೆ ತೇಲುತ್ತಿದ್ದವು. ಫೋನ್ ಎತ್ತಿದರೆ ಆಚೆ ಕಡೆ ಯಾರೂ ಇಲ್ಲ, ಬರೀ ತಂಗಾಳಿ. ಅವನು ಅದಕ್ಕೂ ಹೂಂ ಎನ್ನುತ್ತಿದ್ದ.

ಇದನ್ನು ಮೊದಲು ನೋಡಿದವಳು ಬೇರೆ ಊರಿನ ಅಕ್ಕ. ತಮ್ಮನೇ ಫೋನಿನೊಳಗೆ ಪ್ರತ್ಯಕ್ಷನಾದ ಎಂದು ಹಿಗ್ಗಿ ನೋಡುತ್ತಿದ್ದವಳು, ಅವನ ತಲೆ ವಾಲಿದ್ದು ಕಂಡು ಎದೆ ಹಿಡಿದುಕೊಂಡಳು. ಅವನ ಹೆಂಡತಿಗೆ ಫೋನ್ ಮಾಡಿದಳು. ಆ ಫೋನು ಪರದೆ ಬಟ್ಟೆಯ ರಾಶಿಯ ಅಡಿಯಲ್ಲಿತ್ತು. ಭಾವಮೈದನಿಗೆ ಮಾಡಿದಳು.

"ನಿಮ್ಮ ಭಾವ ಮಾತಾಡ್ತಾ ಮಾತಾಡ್ತಾ ಹೋಗಿಬಿಟ್ಟ ಕಣೋ."

ಭಾವಮೈದ ಆಗ ಒಬ್ಬ ಶಿಷ್ಯೆಯ ಪಕ್ಕ ಕೂತು ವೃತ್ತವೊಂದನ್ನು ಸುತ್ತಿಸುತ್ತಿದ್ದ. "ಎಲ್ಲಿಗೆ ಹೋದರು ಅಕ್ಕ?" ಎಂದು ಕೇಳಿ, ಅರ್ಥವಾದೊಡನೆ ಬ್ರೇಕು ಒತ್ತಿ, ಗಾಬರಿಯಲ್ಲಿ ಆಂಬುಲೆನ್ಸಿನ ಬದಲು ಅಗ್ನಿಶಾಮಕ ದಳಕ್ಕೂ ಸ್ಟೇಷನ್ ಮಾಸ್ಟರಿಗೂ ಫೋನ್ ಮಾಡಿದ.

ಮಾಸ್ಟರು ಇಳಿದು ಬಂದು ಬಾಗಿಲು ಬಡಿದರು. ಆ ಕೋಣೆಗೂ ಒಳಕೋಣೆಗೂ ವರಾಂಡದ ಕಡೆ ಬೇರೆ ಬೇರೆ ಬಾಗಿಲು, ನಡುವೆ ಬಾಗಿಲಿರಲಿಲ್ಲ. ಹೆಂಡತಿ ತನ್ನ ಬಾಗಿಲಿನಿಂದ ಹೊರಬಂದು ಏನೆಂದು ಕೇಳಿದಳು. ಮಾಸ್ಟರು ತಮ್ಮ ಫೋನು ತೋರಿಸಿದರು. ಅವಳು ಒಂದು ಗಳಿಗೆ ನೋಡಿದಳು.

"ನಿದ್ದೆ ಮಾಡ್ತಿದ್ದಾರೆ."

"ಹೇಗೆ ಹೇಳ್ತೀಯಮ್ಮ? ಅಲುಗಾಟ ಇಲ್ಲ."

"ಎಚ್ಚರ ಇದ್ದಾಗಲೂ ಇಷ್ಟೇ ಅಲುಗೋದು ಅವರು."

ಮಾಸ್ಟರು ಒಪ್ಪಲಿಲ್ಲ. ಖಚಿತವಾಗದೆ ಹಸಿರು ನಿಶಾನೆ ತೋರಿಸಿ ಅಭ್ಯಾಸವಿಲ್ಲ ಎಂದರು. ಅವರು ಹಾಗೆ ಗಟ್ಟಿಯಾಗಿ ಹೇಳಿದ್ದಕ್ಕೆ ಅವಳಿಗೂ ಅನುಮಾನ ಬಂತು. ಅವಳೂ ಬಾಗಿಲು ಬಡಿದಳು. ಅಷ್ಟರಲ್ಲಿ ಬೀದಿಯಲ್ಲಿ ಗಂಟೆ ಬಾರಿಸುತ್ತಾ ಕೆಂಪು ವಾಹನ ಬಂತು. ಕಿಟಕಿಗೆ ಏಣಿ ಬಿತ್ತು.

ಅಷ್ಟರಲ್ಲಿ ಆ ವಿಡಿಯೋ ಒಬ್ಬರಿಂದ ಒಬ್ಬರಿಗೆ ಹಬ್ಬಿ, ಮುಂದೆ ನಡೆದದ್ದನ್ನು ನೋಡಿದವರು ಸಾವಿರಾರು ಮಂದಿ. ನೀಲಿ ಪರದೆ ಸರಿಯಿತು. ಒಂದು ಶಿರಸ್ತ್ರಾಣ ಕಾಣಿಸಿತು, ಅದರಡಿ ಒಂದು ದಪ್ಪ ಮೀಸೆ. ಅಗ್ನಿಶಾಮಕ ಅಧಿಕಾರಿ ಒಂದು ಕಾಲು ಒಳಗಿಟ್ಟು, ಕೊಡಲಿ ಕೆಳಗಿಟ್ಟು, ಮೆಲ್ಲಣ್ಣನ ಮೂಗಿನ ಹತ್ತಿರ ಬೆರಳು ಹಿಡಿದರು. ಅದೇ ಕ್ಷಣ ಮೆಲ್ಲಣ್ಣ ಸಣ್ಣಗೆ ಗೊರಕೆ ಹೊಡೆದ. ಅಧಿಕಾರಿ ಬೆರಳು ಹಿಂದೆಳೆದುಕೊಂಡರು. ಫೋನಿನಲ್ಲಿ ಒಂದೇ ಸಮನೆ 'ಎಬ್ಬಿಸಬೇಡಿ', 'ದಯವಿಟ್ಟು ಎಬ್ಬಿಸಬೇಡಿ' ಎಂದು ಜನ ಬರೆಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ಅವರು ಬಗ್ಗಿ ಫೋನಿನೊಳಗೆ ಮುಖವಿಟ್ಟು, ಪಿಸುದನಿಯಲ್ಲಿ ಸರ್ಕಾರಿ ಪ್ರಕಟಣೆ ಕೊಟ್ಟರು.

"ಇವರು ಆರೋಗ್ಯವಾಗಿದ್ದಾರೆ. ಬೆಂಕಿ ಇಲ್ಲ. ಎಲ್ಲರೂ ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ."

ಆಮೇಲೆ ತುದಿಗಾಲಿನಲ್ಲಿ ಹೋಗಿ ಚಿಲಕ ತೆಗೆದರು. ಬಾಗಿಲಲ್ಲಿ ನಿಂತ ಹೆಂಡತಿ ಕಣ್ಣೊರೆಸಿಕೊಂಡು, "ನಾನು ಹೇಳಲಿಲ್ವಾ," ಎಂದಳು.

ಗದ್ದಲಕ್ಕೆ ಮೆಲ್ಲಣ್ಣ ಕಣ್ಣು ಬಿಟ್ಟ. ಎದುರಿಗೆ ಹೆಂಡತಿ, ಮಾಸ್ಟರು, ಶಿರಸ್ತ್ರಾಣ ತೊಟ್ಟ ಅಪರಿಚಿತರೊಬ್ಬರು. ಕೋಟು ಸರಿಮಾಡಿಕೊಂಡು ಕೇಳಿದ, "ಚೆನ್ನಾಗಿ ಬಂತಾ?"

ಚೆನ್ನಾಗಿಯೇ ಬಂದಿತ್ತು. ವಾರ ಕಳೆಯುವಷ್ಟರಲ್ಲಿ ಅವನ ಹೆಸರು ಹುಡುಕಿದವರಿಗೆ ಪಂಪಿನ ಕಳ್ಳ ಎಲ್ಲೋ ಅಡಿಯಲ್ಲಿ ಸಿಗುತ್ತಿದ್ದ. ಮೇಲೆ ಮೆಲ್ಲಣ್ಣನೇ, ಕರಿ ಕೋಟಿನಲ್ಲಿ, ಬಾಯಿ ತುಸು ತೆರೆದು. ರಾತ್ರಿಯೆಲ್ಲ ಹೊರಳಾಡುವವರು ಆ ವಿಡಿಯೋ ಹಾಕಿಕೊಂಡು ಮಲಗುತ್ತಿದ್ದರಂತೆ. ಔಷಧಿ ಅಂಗಡಿಯವನು ಬೀದಿಯಲ್ಲಿ ಅಡ್ಡಗಟ್ಟಿ, "ನಿಮ್ಮಿಂದ ನನ್ನ ನಿದ್ದೆ ಮಾತ್ರೆ ವ್ಯಾಪಾರ ಕೂತುಹೋಯ್ತು. ಆದರೆ ನನ್ನ ತಾಯಿ ಚೆನ್ನಾಗಿ ಮಲಗ್ತಿದ್ದಾರೆ. ಏನು ಹೇಳಬೇಕೋ ಗೊತ್ತಾಗ್ತಿಲ್ಲ," ಎಂದ. ಮೆಲ್ಲಣ್ಣ ಕ್ಷಮೆ ಕೇಳಿ ಮುಂದೆ ನಡೆದ.

ಭಾವಮೈದನಿಗೆ ಮಾತ್ರ ಆಕಾಶ ಕಳಚಿ ಬಿದ್ದಿತ್ತು. "ಮುಗೀತು ಭಾವ. ಕೆಲಸ ಕೊಡಿ ಅಂತ ಕೇಳ್ತಾ ಕೇಳ್ತಾ ನಿದ್ದೆ ಹೋದವರಿಗೆ ಯಾರು ಕೆಲಸ ಕೊಡ್ತಾರೆ? ಆ ಕಳ್ಳನಾದರೂ ಚುರುಕಾಗಿ ಕಾಣ್ತಿದ್ದ."

ಒಂದು ಕಡೆಯಿಂದ ಕೆಲಸ ಬಂತು ಕೂಡ. ಹಾಸಿಗೆ ಅಂಗಡಿಯವನೊಬ್ಬ ಮನೆಗೇ ಬಂದು, ಅಂಗಡಿಯ ಗಾಜಿನ ಕಿಟಕಿಯಲ್ಲಿ ದಿನಾ ಮಧ್ಯಾಹ್ನ ಮಲಗಿದರೆ ಸಾಕು, ಒಳ್ಳೆಯ ಸಂಬಳ ಎಂದ. ಭಾವಮೈದ ಒಪ್ಪಿಕೊಳ್ಳಿ ಎಂದು ಕಣ್ಣು ಮಿಟುಕಿಸಿದ. ಹೆಂಡತಿ ಗಂಡನ ಮುಖ ನೋಡಿದಳು. ಮೆಲ್ಲಣ್ಣ ಯೋಚಿಸಿದ. ಅವಳ ಮಂಡಿ ನೆನಪಾಯಿತು. ಆದರೂ, "ನನಗೆ ಬರೋದು ಕೇಳಿಸ್ಕೊಳ್ಳೋ ಕೆಲಸ. ನಿದ್ದೆ ನನ್ನಿಂದ ತಪ್ಪಿ ಆದದ್ದು. ತಪ್ಪಿಗೆ ಸಂಬಳ ತಗೊಳ್ಳೋದು ಹೇಗೆ?" ಎಂದ. ಅಂಗಡಿಯವನು ಹೋದ. ಹೆಂಡತಿ ಒಳಗೆ ಹೋಗಿ ಯಂತ್ರ ತುಳಿಯತೊಡಗಿದಳು. ಅವತ್ತು ಅವಳು ಅವನಿಗೆ ಚಹಾ ಕೊಟ್ಟಾಗ ಸಕ್ಕರೆ ಒಂದು ಚಮಚ ಹೆಚ್ಚೇ ಇತ್ತು.

ಮರುವಾರ ಇನ್ನೊಂದು ಸಂದೇಶ ಬಂತು. ಬಟ್ಟೆ ಒಗೆಯುವ ಯಂತ್ರಗಳ ಕಂಪನಿ. ಅದರ ದೂರು ವಿಭಾಗದ ಮುಖ್ಯಸ್ಥೆ ದೂರದ ದೇಶದಲ್ಲಿದ್ದಳು, ಆದರೆ ನಮ್ಮ ಭಾಷೆಯವಳು. 'ನಿಮ್ಮ ವಿಡಿಯೋ ನೋಡಿದೆ. ನಿದ್ದೆಗೆ ಮೊದಲಿನ ಭಾಗದ ಬಗ್ಗೆ ಮಾತಾಡಬೇಕು,' ಎಂದು ಬರೆದಿದ್ದಳು. ಸಂದರ್ಶನ ನಮ್ಮಲ್ಲಿ ಮಧ್ಯಾಹ್ನ, ಅವಳ ಕಡೆ ರಾತ್ರಿ ಮುಗಿಯುವ ಹೊತ್ತು.

ಮನೆಯಲ್ಲಿ ಯುದ್ಧದ ತಯಾರಿ ನಡೆಯಿತು. ಮೆಲ್ಲಣ್ಣನಿಗೆ ಅವತ್ತು ಊಟ ಕೊಡಲಿಲ್ಲ. ಒಂದರ ಮೇಲೊಂದು ಕಾಫಿ ಕುಡಿಸಿದರು. ತೂಕಡಿಸಿದರೆ ಚುಚ್ಚಲೆಂದು ಭಾವಮೈದ ದಬ್ಬಳ ಹಿಡಿದು ಫೋನಿಗೆ ಕಾಣದ ಹಾಗೆ ಮೇಜಿನ ಪಕ್ಕ ಕೂತ. ಮಾಸ್ಟರು ಪೆಟ್ಟಿಗೆಯ ಮೇಲೆ ಕೂತರು. ಸಂಜೆಗೆ ಒಂದು ಸಭಾಂಗಣಕ್ಕೆ ಪರದೆ ಕೊಡಬೇಕಿತ್ತು. ಆದರೂ ಹೆಂಡತಿ ಯಂತ್ರ ನಿಲ್ಲಿಸಿ, ಹೊಲಿಯದೆ ಉಳಿದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಳು.

ಫೋನಿನಲ್ಲಿ ಒಬ್ಬ ಹೆಂಗಸು ಕಾಣಿಸಿದಳು. ಹಿಂದೆ ಒಂದು ಸಣ್ಣ ದೀಪ. ಭುಜದ ಮೇಲೆ ಹಸುಗೂಸು. ಕಣ್ಣ ಕೆಳಗೆ ಎಷ್ಟೋ ದಿನದ ನಿದ್ದೆ ಬಾಕಿ ನಿಂತಿತ್ತು.

"ಮಗುನೂ ಜೊತೆಗಿದೆ. ಬೇಜಾರಿಲ್ಲ ತಾನೆ?" ಎಂದಳು.

"ಇರಲಿ ಮೇಡಂ. ಅದೂ ಕೇಳಿಸ್ಕೊಳ್ಳಲಿ."

"ಒಂದೇ ಪ್ರಶ್ನೆ. ಗಿರಾಕಿ ತುಂಬ ಸಿಟ್ಟಿನಲ್ಲಿ ಫೋನ್ ಮಾಡ್ತಾರೆ. ಬಾಯಿಗೆ ಬಂದ ಹಾಗೆ ಬೈತಾರೆ. ಏನು ಮಾಡ್ತೀರಿ?"

ಮೆಲ್ಲಣ್ಣ ಗಂಟಲು ಸರಿಮಾಡಿಕೊಂಡ. "ಮೊದಲು ಅವರು ಮುಗಿಸಲಿ ಅಂತ ಕಾಯ್ತೀನಿ. ಒಬ್ಬರು ಅಜ್ಜಿ ಇದ್ದರು. ಫ್ಯಾನು ಕೂಗುತ್ತೆ ಅಂತ ವಾರಕ್ಕೊಂದು ಸಲ ಬೈತಿದ್ದರು. ಹೇಗೆ ಕೂಗುತ್ತೆ ಅಂತ ಕೇಳಿದರೆ ಒಂದೊಂದು ಸಲ ಒಂದೊಂದು ಥರ ಹೇಳೋರು. ಒಂದು ಸಲ ಹೊಳೆ ಹರಿದ ಹಾಗೆ. ಇನ್ನೊಂದು ಸಲ, ಪಕ್ಕದ ಕೋಣೆಯಲ್ಲಿ ಯಾರೋ ಮಗೂನ ತಟ್ಟಿ ಮಲಗಿಸಿದ ಹಾಗೆ..."

ಹೆಂಗಸು ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದಳು. ತಲೆ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಮೂರನೆಯ ಸಲ ಆಡಿಸಿದ ತಲೆ ಮೇಲೇಳಲಿಲ್ಲ.

ಮೆಲ್ಲಣ್ಣ ಮಾತು ನಿಲ್ಲಿಸಿದ. ಆಚೆ ಮಗು ಕುಂಯ್ ಎಂದಿತು. ಅವಳ ಹುಬ್ಬು ಗಂಟಾಯಿತು. ಗಾಬರಿಯಾಗಿ ಮೆಲ್ಲಣ್ಣ ಮತ್ತೆ ಶುರುಮಾಡಿದ. "...ಆ ಅಜ್ಜಿಯ ಫ್ಯಾನು ಕಂದು ಬಣ್ಣದ್ದು..." ಮಗು ಸುಮ್ಮನಾಯಿತು. ಹುಬ್ಬು ಸಡಿಲಾಯಿತು.

ಭಾವಮೈದ ಎದ್ದು ನೋಡಿ, ಹಣೆ ಬಡಿದುಕೊಂಡು, ಫೋನ್ ಆರಿಸಿಬಿಡಿ ಎಂದು ಸನ್ನೆ ಮಾಡಿದ. ಮಾಸ್ಟರು ಅವನ ತೋಳು ಹಿಡಿದರು. "ಗಾಡಿ ನಿಂತಿದೆ, ಹಳಿ ತಪ್ಪಿಲ್ಲ," ಎಂದು ಪಿಸುಗುಟ್ಟಿದರು. "ಸುಮ್ಮನೆ ಕಾಯಬೇಕು."

ಮೆಲ್ಲಣ್ಣ ಮಾತಾಡುತ್ತಲೇ ಹೋದ. ಕಟಕಟ ಎನ್ನುವ ಫ್ಯಾನುಗಳ ಕಥೆ, ಕುಂಯ್ ಎನ್ನುವವುಗಳ ಕಥೆ, ಮೂರೂ ರೆಕ್ಕೆಗೆ ಮೂರು ಬಣ್ಣ ಬಳಿಸಿದವರ ಕಥೆ. ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಜಾರಿತು. ಭಾವಮೈದನ ಕೈಯಿಂದ ದಬ್ಬಳ ಬಿತ್ತು, ಅವನ ತಲೆ ಮೇಜಿಗೆ ತಾಗಿತು. ಪೆಟ್ಟಿಗೆಯ ಮೇಲೆ ಮಾಸ್ಟರು ಗೋಡೆಗೊರಗಿ, ನಿವೃತ್ತಿಯ ನಂತರ ಮೊದಲ ಬಾರಿಗೆ, ಯಾವ ಗಾಡಿಗೂ ಕಾಯದೆ ಮಲಗಿದರು. ಬಾಗಿಲ ಬಳಿ ಹೆಂಡತಿ ಪರದೆಯ ರಾಶಿಯಲ್ಲೇ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. ಎರಡು ದೇಶಗಳಲ್ಲಿ ಅಷ್ಟು ಜನ ಮಲಗಿದ್ದರು. ಎಚ್ಚರವಿದ್ದವನು ಮೆಲ್ಲಣ್ಣ ಒಬ್ಬನೇ. ಅವನಿಗೆ ನಿದ್ದೆಯ ಸುಳಿವೂ ಇರಲಿಲ್ಲ.

ಫೋನಿನಲ್ಲಿ ಒಬ್ಬ ಮುದುಕಿ ಬಂದು ಇಣುಕಿದಳು.

"ಯಾರಪ್ಪ ನೀನು?"

"ಸಂದರ್ಶನಕ್ಕೆ ಬಂದವನಮ್ಮ."

"ಇವಳು ಮಲಗಿ ಎಷ್ಟು ಹೊತ್ತಾಯ್ತು?"

"ಆಗಲೇ ಮಲಗಿದರು."

ಮುದುಕಿ ಮಗಳನ್ನು ನೋಡಿದಳು, ಮಗುವನ್ನು ಮೆಲ್ಲಗೆ ಎತ್ತಿಕೊಂಡಳು. "ಹೆರಿಗೆ ಆದಾಗಿಂದ ಹೀಗೆ ಮಲಗಿದ್ದೇ ಇಲ್ಲ ನನ್ನ ಮಗಳು. ಇನ್ನೊಂದು ಸ್ವಲ್ಪ ಹೊತ್ತು ಇರೋಕಾಗುತ್ತಾ?"

"ಆಗಲಿ ಅಮ್ಮ. ನನಗೇನೂ ಅವಸರ ಇಲ್ಲ."

ಅವಸರವಿಲ್ಲ ಎಂದು ಅವನು ಹೇಳಿದ್ದು ಸುಳ್ಳು. ಆ ಕೆಲಸಕ್ಕಾಗಿ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ದನಿಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಆಚೆ ಕಿಟಕಿಯಲ್ಲಿ ಬೆಳಕು ಹರಿದಾಗ ಹೆಂಗಸಿಗೆ ಎಚ್ಚರವಾಯಿತು. ಭುಜದ ಮೇಲೆ ಮಗುವಿಲ್ಲ. ಎದುರಿಗೆ ಫೋನಿನಲ್ಲಿ ಕರಿ ಕೋಟಿನ ಮನುಷ್ಯ ಇನ್ನೂ ಕೂತಿದ್ದಾನೆ. ಅವಳ ಮುಖ ಕೆಂಪಾಯಿತು.

"ಅಯ್ಯೋ, ನಾನು... ಎಲ್ಲಿದ್ವಿ ನಾವು?"

"ಗಿರಾಕಿ ಮುಗಿಸಲಿ ಅಂತ ಕಾಯ್ತೀನಿ ಅಂದೆ. ಅಲ್ಲಿದ್ವಿ."

"ಎಷ್ಟು ಹೊತ್ತು ಕಾಯ್ತೀರಿ?"

"ಅವರು ಮುಗಿಸೋವರೆಗೆ."

ಅವಳು ಹಿಂದಿನ ಬೆಳಕನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಸೋಮವಾರದಿಂದ ಬಂದುಬಿಡಿ," ಎಂದಳು.

"ಎಲ್ಲಿಗೆ ಬರಲಿ ಮೇಡಂ?"

"ಎಲ್ಲಿಗೂ ಬೇಡ. ಅಲ್ಲೇ ಕೂತಿರಿ."

ಫೋನು ಕಪ್ಪಾಯಿತು. ಮೆಲ್ಲಣ್ಣ ಸುತ್ತಲೂ ನೋಡಿದ. ಸಂತೋಷ ಹಂಚಿಕೊಳ್ಳಲು ಒಬ್ಬರೂ ಎಚ್ಚರವಿರಲಿಲ್ಲ. ಎಬ್ಬಿಸಲು ಮನಸ್ಸೂ ಬರಲಿಲ್ಲ. ಸುಮ್ಮನೆ ಕೂತು, ಆ ಸುದ್ದಿಯನ್ನು ಒಬ್ಬನೇ ಇಟ್ಟುಕೊಂಡಿದ್ದ.

ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆದದ್ದಕ್ಕೆ ಹೆಂಡತಿ ಥಟ್ಟನೆ ಎದ್ದಳು. ಕಿಟಕಿ ನೋಡಿದಳು, ಸಂಜೆಯಾಗಿತ್ತು. ಸಭಾಂಗಣದ ಪರದೆ ನೆನಪಾಗಿ, ಬಟ್ಟೆ ಬಾಚಿಕೊಂಡು ಒಳಗೆ ಓಡಿ, ಕೂತದ್ದೇ ಯಂತ್ರ ತುಳಿಯತೊಡಗಿದಳು. ಮೆಲ್ಲಣ್ಣ ಹಿಂದೆಯೇ ಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದ.

"ಕೆಲಸ ಸಿಕ್ಕಿತು," ಎಂದ.

ಯಂತ್ರ ಓಡುತ್ತಿತ್ತು. "ಏನು?"

"ಕೆಲಸ ಸಿಕ್ಕಿತು."

ಅವಳ ಕಾಲು ನಿಂತಿತು. ಯಂತ್ರ ಎರಡು ಹೊಲಿಗೆ ತಾನಾಗಿ ಹಾಕಿ ಸುಮ್ಮನಾಯಿತು. ಅವಳು ತಲೆಯೆತ್ತದೆ, ಸೂಜಿಯ ಕಡೆಗೇ ನೋಡುತ್ತಾ, "ಇನ್ನೊಂದು ಸಲ ಹೇಳಿ," ಎಂದಳು.

"ಕೇಳಿಸಲಿಲ್ವಾ?"

"ಕೇಳಿಸ್ತು. ಹೇಳಿ."